ಹಿರಿಯರ ಆರೋಗ್ಯ ವಿಮೆ: ನಡುವೆ ನಿಂತವರು ಯಾರ ಪರ?

ಅರವತ್ತು ವರ್ಷ ದಾಟಿದ ಮೇಲೆ ದೇಹವನ್ನು ಸೇರುವ ವ್ಯಾಧಿಗಳಲ್ಲಿ ಹೆಚ್ಚಿನವು ಬಂದು ಹೋಗುವಂಥವಲ್ಲ, ಬಂದು ನೆಲೆಸುವಂಥವು. ಮಧುಮೇಹ, ರಕ್ತದೊತ್ತಡ, ಸಂಧಿವಾತ, ಉಬ್ಬಸ ಮೊದಲಾದವುಗಳನ್ನು ಪಥ್ಯ, ನಡಿಗೆ ಮತ್ತು ನಿಯಮಿತ ಔಷಧಿಗಳಿಂದ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಹೃದಯಾಘಾತ, ಪಾರ್ಶ್ವವಾಯು, ಜಾರಿಬಿದ್ದು ಸೊಂಟದ ಮೂಳೆ ಮುರಿಯುವುದು ಇಂಥವು ಹೇಳಿ ಬರುವುದಿಲ್ಲ. ಅಂಥ ದಿನ ಹಾವೇರಿ ಜಿಲ್ಲೆಯ ಅನೇಕ ಕುಟುಂಬಗಳು ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದು ಉತ್ತರಕ್ಕೆ ಹುಬ್ಬಳ್ಳಿಗೋ ದಕ್ಷಿಣಕ್ಕೆ ದಾವಣಗೆರೆಗೋ ಧಾವಿಸುತ್ತವೆ. ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ವಿಮೆ ಇದೆಯೇ ಎಂಬುದು.

ಈ ಅರಿವು ಈಗ ನಮ್ಮ ಊರುಗಳಲ್ಲಿ ಮೂಡಿದೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಹಣ ಕೈಸೇರುವ ತಿಂಗಳುಗಳಲ್ಲಿ, ಮಾರ್ಚ್ ಅಂತ್ಯದಲ್ಲಿ ತೆರಿಗೆ ಲೆಕ್ಕ ಮಾಡುವಾಗ, ಬ್ಯಾಂಕಿನಲ್ಲಿ ಠೇವಣಿ ಇಡಲು ಹೋದಾಗ, ತಂದೆತಾಯಿಗಳಿಗೆ ಪಾಲಿಸಿ ಮಾಡಿಸಿರೆಂದು ಹೇಳುವವರು ಸಿಗುತ್ತಾರೆ. ಪಾಲಿಸಿ ಕೊಳ್ಳುವುದು ಕಷ್ಟವಲ್ಲ. ನಾಲ್ಕು ವರ್ಷಗಳ ನಂತರ ಆಸ್ಪತ್ರೆಯಲ್ಲಿ ಅದು ಕೆಲಸಕ್ಕೆ ಬರುವಂತೆ ಕೊಳ್ಳುವುದು ಕಷ್ಟ. ಇದು ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿದೆ. ನಮಗೂ ಕಂಪನಿಗೂ ನಡುವೆ ನಿಂತ ವ್ಯಕ್ತಿ ಯಾರ ಪರ ಎಂಬುದು ಮೊದಲನೆಯದು. ಆ ವ್ಯಕ್ತಿಗೆ ನಾವು ನಮ್ಮ ಕಾಯಿಲೆಗಳನ್ನು ಪೂರ್ತಿಯಾಗಿ ಹೇಳಿದೆವೇ ಎಂಬುದು ಎರಡನೆಯದು.

ಮೊದಲು ಸರ್ಕಾರದ ಯೋಜನೆಗಳು

ಖಾಸಗಿ ವಿಮೆಗೆ ಹಣ ಕಟ್ಟುವ ಮುನ್ನ, ನಮಗೆ ಈಗಾಗಲೇ ದೊರೆಯಬೇಕಾದುದು ಏನಿದೆ ಎಂದು ತಿಳಿಯುವುದು ವಿವೇಕ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2022-23ರಲ್ಲಿ ಮತ್ತೆ ಜಾರಿಗೆ ಬಂದಿತು. ಆಗ ನಾಲ್ವರು ಸದಸ್ಯರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿಗಳ ಮಿತಿ ಎಂದು ನಿಗದಿಯಾಯಿತು. ಹಾಲಿನ ಸಂಘದಲ್ಲಿಯೋ ಕೃಷಿ ಪತ್ತಿನ ಸಂಘದಲ್ಲಿಯೋ ಸದಸ್ಯರಾಗಿರುವ ಹಿರಿಯರು ನೋಂದಣಿಯ ದಿನಾಂಕವನ್ನು ಸಂಘದ ಕಾರ್ಯದರ್ಶಿಗಳಿಂದ ತಪ್ಪದೆ ವಿಚಾರಿಸಬೇಕು.

ಇದಲ್ಲದೆ, 70 ವರ್ಷ ತುಂಬಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ 5 ಲಕ್ಷ ರೂಪಾಯಿಗಳ ರಕ್ಷಣೆ ಒದಗಿಸುವ ವಿಸ್ತರಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ನಮ್ಮ ಜಿಲ್ಲೆಯಲ್ಲಿ ಕಾರ್ಡು ಎಲ್ಲಿ ಮಾಡಿಸಬೇಕು, ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅನ್ವಯಿಸುತ್ತದೆ ಎಂಬುದನ್ನು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿಕೊಂಡು, ಅದರ ನಂತರ ಎಷ್ಟು ಕೊರತೆ ಉಳಿಯುತ್ತದೆಯೋ ಅಷ್ಟಕ್ಕೆ ಖಾಸಗಿ ವಿಮೆಯನ್ನು ಯೋಚಿಸಬೇಕು. ಈ ಮಾತನ್ನು ತಾನಾಗಿಯೇ ಹೇಳುವ ಮಧ್ಯವರ್ತಿ ಸಿಕ್ಕರೆ ಅವನ ಮೇಲೆ ಸ್ವಲ್ಪ ನಂಬಿಕೆ ಇಡಬಹುದು.

ಏಜೆಂಟ್ ಬೇರೆ, ಬ್ರೋಕರ್ ಬೇರೆ

ಪೇಟೆಯ ವ್ಯವಹಾರ ಬಲ್ಲ ನಮ್ಮ ರೈತರಿಗೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಅಡತಿ ಅಂಗಡಿಯವರು ರೈತನ ಮಾಲನ್ನು ರೈತನ ಪರವಾಗಿ ಮಾರಾಟಕ್ಕೆ ಇಡುತ್ತಾರೆ. ಖರೀದಿದಾರನ ಕಡೆಯವನು ಬೇರೆ. ಇಬ್ಬರೂ ನಗುನಗುತ್ತ ಮಾತನಾಡಬಹುದು, ಆದರೆ ಯಾರು ಯಾರ ಕಡೆಯವರು ಎಂಬುದರಲ್ಲಿ ರೈತನಿಗೆ ಗೊಂದಲವಿಲ್ಲ. ವಿಮೆಯ ಪೇಟೆಯಲ್ಲಿ ಮಾತ್ರ ನಾವು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಪರಿಚಯದವರು, ನೆಂಟರು, ನಮ್ಮ ಊರಿನವರು ಎಂಬಷ್ಟಕ್ಕೇ ಸಹಿ ಹಾಕುತ್ತೇವೆ.

ಏಜೆಂಟ್ ಎಂದರೆ ವಿಮಾ ಕಂಪನಿಯ ಪ್ರತಿನಿಧಿ. ತಾನು ಪ್ರತಿನಿಧಿಸುವ ಕಂಪನಿಯ ಪಾಲಿಸಿಯನ್ನು ಮಾತ್ರ ಅವರು ತೋರಿಸಬಲ್ಲರು. ಪಕ್ಕದ ಕಂಪನಿಯಲ್ಲಿ ನಿಮಗೆ ಒಪ್ಪುವ ಪಾಲಿಸಿ ಇದ್ದರೂ ಹೇಳುವುದು ಅವರ ಕೆಲಸವಲ್ಲ. ವಿಮೆ ಮಾರುವ ಬ್ಯಾಂಕುಗಳು ಸಾಮಾನ್ಯವಾಗಿ ಸಾಂಸ್ಥಿಕ ಏಜೆಂಟರು, ಅಂದರೆ ಒಪ್ಪಂದ ಮಾಡಿಕೊಂಡ ಕೆಲವು ಕಂಪನಿಗಳ ಪ್ರತಿನಿಧಿಗಳು. ಬ್ರೋಕರ್ ಎಂದರೆ ಗ್ರಾಹಕನ ಪ್ರತಿನಿಧಿ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಅವರು ಪರವಾನಗಿ ಪಡೆದಿರಬೇಕು. ಅನೇಕ ಕಂಪನಿಗಳ ಪಾಲಿಸಿಗಳನ್ನು ಹೋಲಿಸಿ ಗ್ರಾಹಕನ ಅಗತ್ಯಕ್ಕೆ ಹೊಂದುವುದನ್ನು ಸೂಚಿಸುವುದು, ಪರಿಹಾರ ಪಡೆಯುವಾಗ ನೆರವಾಗುವುದು ಅವರ ಕರ್ತವ್ಯ. ತಮ್ಮ ತಪ್ಪಿನಿಂದ ಗ್ರಾಹಕನಿಗೆ ನಷ್ಟವಾದರೆ ಭರಿಸುವುದಕ್ಕಾಗಿ ಅವರು ತಾವೇ ಒಂದು ವೃತ್ತಿಪರ ಹೊಣೆಗಾರಿಕೆಯ ವಿಮೆಯನ್ನು ಹೊಂದಿರಬೇಕೆಂಬ ನಿಯಮವೂ ಇದೆ.

ಬ್ರೋಕರ್ ನಮ್ಮ ಪರವೆಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಅವರಿಗೂ ಕಮಿಷನ್ ಬರುವುದು ವಿಮಾ ಕಂಪನಿಯಿಂದಲೇ. ಆದ್ದರಿಂದ ಹೆಚ್ಚು ಕಮಿಷನ್ ಕೊಡುವ ಪಾಲಿಸಿಯ ಕಡೆ ಮನಸ್ಸು ವಾಲುವ ಸಾಧ್ಯತೆ ಇದ್ದೇ ಇದೆ. ಗ್ರಾಹಕ ಕೇಳಿದರೆ ಕಮಿಷನ್ನಿನ ಪ್ರಮಾಣವನ್ನು ತಿಳಿಸಬೇಕೆಂದು ಬ್ರೋಕರರ ನೀತಿಸಂಹಿತೆ ಹೇಳುತ್ತದೆ. ಕೇಳಲು ಸಂಕೋಚ ಬೇಡ. ಹಾಗೆಯೇ, ಒಳ್ಳೆಯ ಏಜೆಂಟರೂ ನಮ್ಮ ನಡುವೆ ಇದ್ದಾರೆ. ನಡುರಾತ್ರಿ ಆಸ್ಪತ್ರೆಗೆ ಬಂದು ಕಾಗದಪತ್ರ ಸರಿಪಡಿಸಿಕೊಟ್ಟ ಏಜೆಂಟರನ್ನು ಕೃತಜ್ಞತೆಯಿಂದ ನೆನೆಯುವ ಹಿರಿಯರನ್ನು ನಾನು ಬಲ್ಲೆ. ವ್ಯಕ್ತಿಯ ಸಜ್ಜನಿಕೆ ಒಂದು ಗುಣ, ಅವರು ಕುಳಿತ ಸ್ಥಾನ ಇನ್ನೊಂದು. ಎರಡನ್ನೂ ತಿಳಿದು ವ್ಯವಹರಿಸಬೇಕು.

ಮೊದಲ ಕಂತಿನಲ್ಲಿ ರಿಯಾಯಿತಿ ಕೊಡುತ್ತೇನೆ, ನನ್ನ ಕಮಿಷನ್ನಿನಲ್ಲಿ ಪಾಲು ಕೊಡುತ್ತೇನೆ ಎನ್ನುವವರಿಂದ ದೂರವಿರಬೇಕು. 1938ರ ವಿಮಾ ಕಾಯಿದೆಯ 41ನೆಯ ಕಲಮು ಇದನ್ನು ನಿಷೇಧಿಸಿದೆ. ಕೊಡುವುದೂ ತಪ್ಪು, ಪಡೆಯುವುದೂ ತಪ್ಪು. ಕಂತಿನ ಹಣವನ್ನು ಯಾರ ಕೈಗೂ ನಗದಾಗಿ ಕೊಡದೆ ವಿಮಾ ಕಂಪನಿಯ ಹೆಸರಿಗೇ ಚೆಕ್ಕಿನ ಮೂಲಕ ಅಥವಾ ಬ್ಯಾಂಕ್ ಖಾತೆಯ ಮೂಲಕ ಪಾವತಿಸಬೇಕು. ಕಂತು ಕಂಪನಿಗೆ ಸಂದ ನಂತರವೇ ರಕ್ಷಣೆ ಆರಂಭವಾಗುತ್ತದೆ. ಆರೋಗ್ಯ ವಿಮೆಗಾಗಿ ಇರುವ ಆದಾಯ ತೆರಿಗೆಯ ವಿನಾಯಿತಿ, ಹಳೆಯ ತೆರಿಗೆ ಪದ್ಧತಿಯಲ್ಲಿ ಹಿರಿಯ ನಾಗರಿಕರಿಗೆ 50,000 ರೂಪಾಯಿಗಳವರೆಗೆ, ನಗದಾಗಿ ಕಟ್ಟಿದ ಕಂತಿಗೆ ದೊರೆಯುವುದೂ ಇಲ್ಲ.

ರೋಗಿಯ ನಾಲ್ಕನೆಯ ಗುಣ

ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಗೂ ನಾಲ್ಕು ಗುಣಗಳಿರಬೇಕು. ನೆನಪು, ವೈದ್ಯನ ಸೂಚನೆಯನ್ನು ಪಾಲಿಸುವುದು, ನಿರ್ಭೀತಿ, ಮತ್ತು ಜ್ಞಾಪಕತ್ವ. ಜ್ಞಾಪಕತ್ವವೆಂದರೆ ತನ್ನ ರೋಗದ ವಿಷಯವನ್ನು ಮರೆಮಾಚದೆ ತಿಳಿಸುವ ಗುಣ. ವೈದ್ಯನ ಮುಂದೆ ಈ ಗುಣ ತೋರುವ ನಾವು ವಿಮೆಯ ಅರ್ಜಿಯ ಮುಂದೆ ಅದನ್ನು ಬಿಟ್ಟುಬಿಡುತ್ತೇವೆ. ಹಿರಿಯರ ಪರಿಹಾರದ ಕೋರಿಕೆಗಳು ತಿರಸ್ಕೃತವಾಗಲು ಕಾರಣವಾಗುವ ತಪ್ಪುಗಳಲ್ಲಿ ಇದು ಬಹಳ ಮುಖ್ಯವಾದುದು.

ತಪ್ಪು ನಡೆಯುವ ರೀತಿ ಬಹಳ ಸಾಮಾನ್ಯವಾದುದು. ಅರ್ಜಿಯನ್ನು ತುಂಬುವವರು ಏಜೆಂಟರೋ ಬ್ರೋಕರರ ನೌಕರರೋ ಆಗಿರುತ್ತಾರೆ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಸ್ವಲ್ಪ ಇದೆ, ಹತೋಟಿಯಲ್ಲಿದೆ ಎಂದು ಹಿರಿಯರು ಹೇಳುತ್ತಾರೆ. ಹಾಗಾದರೆ ಬರೆಯುವುದು ಬೇಡ, ಬರೆದರೆ ಕಂತು ಹೆಚ್ಚಾಗುತ್ತದೆ ಎಂಬ ಸಲಹೆ ಬರುತ್ತದೆ. ಸಹಿ ಬೀಳುತ್ತದೆ. ಮೂರು ವರ್ಷಗಳ ಬಳಿಕ ಆಸ್ಪತ್ರೆಗೆ ಸೇರಿಸುವಾಗ ಮಗನು ವೈದ್ಯರಿಗೆ, ಅಪ್ಪನಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಎಂದು ಹೇಳುತ್ತಾನೆ. ಅದು ಆಸ್ಪತ್ರೆಯ ದಾಖಲೆಯಲ್ಲಿ ಸೇರುತ್ತದೆ. ಕಂಪನಿ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತದೆ. ಸಲಹೆ ಕೊಟ್ಟವರ ಹೆಸರು ಅಲ್ಲಿ ಇರುವುದಿಲ್ಲ, ಸಹಿ ಮಾಡಿದವರ ಹೆಸರು ಇರುತ್ತದೆ.

ಆಯುರ್ವೇದ ವೈದ್ಯನಾಗಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಕಷಾಯ, ಚೂರ್ಣ, ಗುಳಿಗೆಗಳಿಂದಲೇ ಮಧುಮೇಹವನ್ನು ಹತೋಟಿಯಲ್ಲಿ ಇಟ್ಟುಕೊಂಡವರು, ಇಂಗ್ಲಿಷ್ ಔಷಧಿ ತೆಗೆದುಕೊಳ್ಳುತ್ತಿಲ್ಲವಾದ್ದರಿಂದ ತಮಗೆ ಕಾಯಿಲೆ ಇಲ್ಲವೆಂದು ಭಾವಿಸುವುದುಂಟು. ಇದು ಸರಿಯಲ್ಲ. ಯಾವ ಪದ್ಧತಿಯ ವೈದ್ಯರು ಗುರುತಿಸಿದರೂ ರೋಗ ರೋಗವೇ. ನಾನು ಬರೆದುಕೊಡುವ ಚೀಟಿಯೂ ಒಂದು ವೈದ್ಯಕೀಯ ದಾಖಲೆ. ಅರ್ಜಿಯಲ್ಲಿ ಅದನ್ನೂ ಬರೆಯಬೇಕು.

ಸತ್ಯ ಹೇಳಿದರೆ ವಿಮೆಯೇ ಸಿಗುವುದಿಲ್ಲವೆಂಬ ಭಯಕ್ಕೆ ಈಗ ಮೊದಲಿನಷ್ಟು ಆಧಾರವಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಎಲ್ಲ ವಯಸ್ಸಿನವರಿಗೂ ಹೊಂದುವ ಪಾಲಿಸಿಗಳನ್ನು ಕಂಪನಿಗಳು ಒದಗಿಸಬೇಕು. 65 ದಾಟಿದವರನ್ನು ವಯಸ್ಸಿನ ಕಾರಣವೊಂದರಿಂದಲೇ ಹೊರಗಿಡುವ ಹಳೆಯ ಪರಿಪಾಠಕ್ಕೆ ಇದರಿಂದ ತಡೆ ಬಿದ್ದಿದೆ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 48 ತಿಂಗಳು ಇದ್ದುದು 36 ತಿಂಗಳಿಗೆ ಇಳಿದಿದೆ. ಪಾಲಿಸಿಯನ್ನು ಸತತವಾಗಿ 60 ತಿಂಗಳು ನಡೆಸಿಕೊಂಡು ಬಂದರೆ, ವಂಚನೆ ಸಾಬೀತಾದ ಹೊರತು, ವಿಷಯ ತಿಳಿಸಲಿಲ್ಲವೆಂಬ ಕಾರಣಕ್ಕೆ ಕೋರಿಕೆಯನ್ನು ಪ್ರಶ್ನಿಸುವಂತಿಲ್ಲ. ಸಕ್ಕರೆ ಕಾಯಿಲೆಯನ್ನು ಬರೆದವರು ಸ್ವಲ್ಪ ಹೆಚ್ಚು ಕಂತು ಕಟ್ಟಿ, ಕೆಲವು ಕಾಲ ಕಾದು, ನಿಶ್ಚಿಂತರಾಗುತ್ತಾರೆ. ಬರೆಯದವರು ಕಡಿಮೆ ಕಂತು ಕಟ್ಟಿ ಚಿಂತೆಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಕಂತಿನ ಆಚೆ ನೋಡಬೇಕಾದುದು

ಎರಡು ಪಾಲಿಸಿಗಳನ್ನು ಮುಂದಿಟ್ಟಾಗ ನಮ್ಮ ಕಣ್ಣು ಕಂತಿನ ಮೊತ್ತದ ಮೇಲೆ ಬೀಳುತ್ತದೆ. ಹಿರಿಯರ ಪಾಲಿಸಿಯಲ್ಲಿ ಅದಕ್ಕಿಂತ ಮುಖ್ಯವಾದವು ಕೊಠಡಿ ಬಾಡಿಗೆಯ ಮಿತಿ, ಸಹಪಾವತಿ, ಮತ್ತು ನಿರ್ದಿಷ್ಟ ಚಿಕಿತ್ಸೆಗಳ ಮೇಲಿನ ಮಿತಿ. ಸಹಪಾವತಿ ಎಂದರೆ ಒಪ್ಪಿತವಾದ ಖರ್ಚಿನಲ್ಲಿ ಇಂತಿಷ್ಟು ಶೇಕಡಾ ರೋಗಿಯೇ ಭರಿಸಬೇಕೆಂಬ ಷರತ್ತು.

ಒಂದು ಲೆಕ್ಕ ನೋಡೋಣ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆ ದಿನಕ್ಕೆ 4,000 ರೂಪಾಯಿ ಮಿತಿ ಇದೆ, ಸಹಪಾವತಿ ಶೇಕಡಾ 20 ಇದೆ ಎಂದುಕೊಳ್ಳಿ. ರೋಗಿಯನ್ನು ದಿನಕ್ಕೆ 8,000 ರೂಪಾಯಿಗಳ ಕೊಠಡಿಯಲ್ಲಿ ಐದು ದಿನ ಇರಿಸಲಾಯಿತು. ಕೊಠಡಿಯ ಬಿಲ್ಲು 40,000. ಶಸ್ತ್ರವೈದ್ಯರು, ಅರಿವಳಿಕೆ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಇವುಗಳಿಗೆ 1,00,000. ಔಷಧಿ, ತಪಾಸಣೆ ಮತ್ತು ಒಳಗೆ ಅಳವಡಿಸುವ ಸಾಧನಕ್ಕೆ 60,000. ಒಟ್ಟು 2,00,000 ರೂಪಾಯಿ. ಕೊಠಡಿ ಮಿತಿಯ ಎರಡು ಪಟ್ಟು ಇರುವುದರಿಂದ ಕೊಠಡಿಯ ಬಿಲ್ಲಿನಲ್ಲಿ ಅರ್ಧ, ಅಂದರೆ 20,000 ಮಾತ್ರ ಒಪ್ಪಿತವಾಗುತ್ತದೆ. ಕೊಠಡಿಯ ದರ್ಜೆಗೆ ಹೊಂದಿಕೊಂಡು ಏರುವ ಶುಲ್ಕಗಳಿಗೂ ಅದೇ ಪ್ರಮಾಣ ಅನ್ವಯವಾಗಿ 1,00,000ದಲ್ಲಿ 50,000 ಒಪ್ಪಿತವಾಗುತ್ತದೆ. ಔಷಧಿ, ತಪಾಸಣೆ, ಸಾಧನಗಳಿಗೆ ಈ ಕಡಿತವಿಲ್ಲ, 60,000 ಪೂರ್ತಿ ಸಿಗುತ್ತದೆ. ಮೂರೂ ಸೇರಿ 1,30,000. ಇದರಲ್ಲಿ ಸಹಪಾವತಿ 26,000 ಕಳೆದರೆ ಕಂಪನಿ ಕೊಡುವುದು 1,04,000. ರೋಗಿಯ ಕುಟುಂಬ 96,000 ರೂಪಾಯಿ ಕಟ್ಟಬೇಕು. ವಿಮಾ ಮೊತ್ತ 5 ಲಕ್ಷವಿದ್ದರೂ ಹೀಗೆ. ಇದು ಕಂಪನಿಯ ಮೋಸವಲ್ಲ, ನಾವು ಓದದ ಷರತ್ತು.

ಹೋಲಿಕೆಗೆ ಒಂದು ಅಳತೆಗೋಲು ನಮಗೆ ಇದೆ. ಪ್ರಾಧಿಕಾರವೇ ರೂಪಿಸಿ 2020ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ಆರೋಗ್ಯ ಸಂಜೀವನಿ ಪಾಲಿಸಿಯ ಷರತ್ತುಗಳು ಎಲ್ಲ ಕಂಪನಿಗಳಲ್ಲಿಯೂ ಒಂದೇ. ಕಂತು ಮಾತ್ರ ಬೇರೆ ಬೇರೆ. ಅದರಲ್ಲಿ ಸಹಪಾವತಿ ಶೇಕಡಾ 5. ಕೊಠಡಿಗೆ ವಿಮಾ ಮೊತ್ತದ ಶೇಕಡಾ 2, ದಿನಕ್ಕೆ ಗರಿಷ್ಠ 5,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ವಿಮಾ ಮೊತ್ತದ ಶೇಕಡಾ 25 ಅಥವಾ 40,000, ಯಾವುದು ಕಡಿಮೆಯೋ ಅದು. ಬ್ರೋಕರ್ ತೋರಿಸುವ ಯಾವುದೇ ಪಾಲಿಸಿಯನ್ನು ಇದರ ಪಕ್ಕದಲ್ಲಿಟ್ಟು, ಯಾವುದರಲ್ಲಿ ಮೇಲು, ಯಾವುದರಲ್ಲಿ ಕೀಳು ಎಂದು ಬರೆದುಕೊಡಲು ಕೇಳಬಹುದು.

ಕಂತಿನ ಬಗ್ಗೆಯೂ ಎರಡು ಸಂಗತಿಗಳು ಹಿರಿಯರಿಗೆ ಅನುಕೂಲಕರವಾಗಿವೆ. 2025ರ ಜನವರಿಯಲ್ಲಿ ಪ್ರಾಧಿಕಾರವು, ಹಿರಿಯ ನಾಗರಿಕರ ಕಂತನ್ನು ತನ್ನೊಡನೆ ಮೊದಲೇ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು ಕಂಪನಿಗಳಿಗೆ ಸೂಚಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕೌಟುಂಬಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇಕಡಾ 18 ಜಿ.ಎಸ್.ಟಿ. ರದ್ದಾಗಿದೆ.

ಆಯುರ್ವೇದ ಚಿಕಿತ್ಸೆಗೂ ರಕ್ಷಣೆ

ಆಯುಷ್ ಪದ್ಧತಿಗಳ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಿಗೆ ಸಮನಾಗಿ ಕಾಣಬೇಕೆಂದು ಪ್ರಾಧಿಕಾರವು 2024ರ ಜನವರಿಯಲ್ಲಿ ಕಂಪನಿಗಳಿಗೆ ತಿಳಿಸಿತು. ಆದರೆ ಇದರ ಅರ್ಥವನ್ನು ತಪ್ಪಾಗಿ ತಿಳಿಯಬಾರದು. ರಕ್ಷಣೆ ಇರುವುದು ರೋಗಕ್ಕೆ, ಮಾನ್ಯತೆ ಪಡೆದ ಆಯುಷ್ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆದ ಚಿಕಿತ್ಸೆಗೆ. ಪಾರ್ಶ್ವವಾಯುವಿನ ನಂತರ ವೈದ್ಯರ ಸಲಹೆಯಂತೆ ದಾಖಲಾಗಿ ಪಡೆದ ಪಂಚಕರ್ಮಕ್ಕೂ ಮೈ ಹಗುರಾಗಲೆಂದು ಹತ್ತು ದಿನ ಮಾಡಿಸಿಕೊಂಡ ಅಭ್ಯಂಗಕ್ಕೂ ವ್ಯತ್ಯಾಸವಿದೆ. ಎರಡನೆಯದು ಸಾಮಾನ್ಯವಾಗಿ ವಿಮೆಯ ಹೊರಗೆ ಉಳಿಯುತ್ತದೆ. ಮನೆಯಲ್ಲಿ ಸೇವಿಸುವ ಕಷಾಯದ ಖರ್ಚೂ ಹೊರರೋಗಿ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಸಿಗುವುದಿಲ್ಲ. ಆಯುರ್ವೇದದಲ್ಲಿ ನಂಬಿಕೆಯುಳ್ಳ ಹಿರಿಯರು ಯಾವ ಆಯುಷ್ ಆಸ್ಪತ್ರೆಗಳು ಕಂಪನಿಯ ಪಟ್ಟಿಯಲ್ಲಿವೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮಧ್ಯವರ್ತಿಯ ಮುಂದೆ ಕುಳಿತಾಗ ಮನೆಯ ಓದುಬಲ್ಲ ಒಬ್ಬ ಮಗ ಅಥವಾ ಮಗಳು ಜೊತೆಗಿರಲಿ. ಕೆಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಉತ್ತರಗಳನ್ನು ಬರೆದಿಟ್ಟುಕೊಳ್ಳಬೇಕು.

1. ತಾವು ಏಜೆಂಟರೋ ಬ್ರೋಕರರೋ? ಪರವಾನಗಿಯ ಸಂಖ್ಯೆ ಏನು, ಅದರ ಅವಧಿ ಎಂದಿನವರೆಗೆ? ಬ್ರೋಕರರ ಪಟ್ಟಿ ಪ್ರಾಧಿಕಾರದ ಜಾಲತಾಣದಲ್ಲಿ ಇದೆ, ಅದರೊಡನೆ ತಾಳೆ ನೋಡಬೇಕು.

2. ಎಷ್ಟು ಕಂಪನಿಗಳ ಪಾಲಿಸಿಗಳನ್ನು ಹೋಲಿಸಿದಿರಿ? ಇದನ್ನೇ ಏಕೆ ಸೂಚಿಸುತ್ತಿದ್ದೀರಿ?

3. ನನ್ನ ಇಂತಿಂಥ ಕಾಯಿಲೆಗಳಿಗೆ ಎಷ್ಟು ತಿಂಗಳು ಕಾಯಬೇಕು? ಮಂಡಿಚಿಪ್ಪಿನ ಬದಲಾವಣೆ, ಕಣ್ಣಿನ ಪೊರೆ, ಹರ್ನಿಯಾ ಇವುಗಳಿಗೆ ಪ್ರತ್ಯೇಕ ಅವಧಿ ಇದೆಯೇ?

4. ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಯಾವ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ? ಬೆಂಗಳೂರಿನ ಉದ್ದನೆಯ ಪಟ್ಟಿ ನಮಗೆ ನಡುರಾತ್ರಿ ಉಪಯೋಗಕ್ಕೆ ಬಾರದು.

5. ಆಸ್ಪತ್ರೆಗೆ ಸೇರಿದ ದಿನ ಯಾರಿಗೆ ಕರೆ ಮಾಡಬೇಕು? ತಾವು ಬರುತ್ತೀರೋ, ಕಂಪನಿಯ ಸಂಖ್ಯೆಯನ್ನಷ್ಟೇ ಕೊಡುತ್ತೀರೋ?

ಪಾಲಿಸಿ ಕೈಸೇರಿದ ಮೇಲೆ ಪರಿಶೀಲನೆಗೆ 30 ದಿನಗಳ ಅವಕಾಶವಿದೆ. ಒಪ್ಪಿಗೆಯಾಗದಿದ್ದರೆ ಆ ಅವಧಿಯಲ್ಲಿ ಹಿಂದಿರುಗಿಸಬಹುದು. ಪಾಲಿಸಿಯೊಡನೆ ಗ್ರಾಹಕ ಮಾಹಿತಿ ಪತ್ರವೆಂಬ ಚಿಕ್ಕ ಕಾಗದ ಬರುತ್ತದೆ. ಅದರಲ್ಲಿ ರಕ್ಷಣೆ, ಹೊರತುಗಳು, ಕಾಯುವ ಅವಧಿ, ದೂರಿನ ಮಾರ್ಗ ಇವು ಸರಳವಾಗಿ ಇರುತ್ತವೆ. ಪ್ರಾದೇಶಿಕ ಭಾಷೆಯಲ್ಲಿ ಬೇಕೆಂದು ಕೇಳಬಹುದು. ನಾವು ಸಹಿ ಮಾಡಿದ ಅರ್ಜಿಯ ಪ್ರತಿಯನ್ನೂ ಪಡೆದು, ನಮ್ಮ ಕಾಯಿಲೆಗಳೆಲ್ಲ ಅದರಲ್ಲಿ ಸೇರಿವೆಯೇ ಎಂದು ಸಾಲು ಸಾಲಾಗಿ ಓದಬೇಕು. ಬಿಟ್ಟುಹೋಗಿದ್ದರೆ ಆಗಲೇ ಲಿಖಿತವಾಗಿ ಕಂಪನಿಗೆ ತಿಳಿಸಬೇಕು.

ತಕರಾರು ಬಂದಾಗ

ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ನಿರ್ಧಾರ ತಿಳಿಸಬೇಕೆಂದು 2024ರ ಮೇ 29ರ ಸುತ್ತೋಲೆ ಹೇಳುತ್ತದೆ. ಕೋರಿಕೆ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಬಹುದು, ಉಚಿತ ದೂರವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಮನವಿ ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿಗಳವರೆಗಿನ ಪರಿಹಾರವನ್ನು ಅವರು ನಿರ್ಣಯಿಸಬಲ್ಲರು. 2021ರ ತಿದ್ದುಪಡಿಯ ನಂತರ ಬ್ರೋಕರರ ಸೇವಾದೋಷದ ದೂರುಗಳೂ ಅವರ ವ್ಯಾಪ್ತಿಗೆ ಬಂದಿವೆ. ಈ ಎಲ್ಲ ಹಂತಗಳಲ್ಲಿ ನಮ್ಮ ಪರವಾಗಿ ನಿಂತು ಪತ್ರ ಬರೆದುಕೊಡುವ ಬ್ರೋಕರ್ ನಿಜವಾದ ಬ್ರೋಕರ್.

ನವೀಕರಣದ ದಿನಾಂಕವನ್ನು ಮನೆಯ ಪಂಚಾಂಗದಲ್ಲಿಯೇ ಗುರುತು ಮಾಡಿಡುವುದು ಒಳ್ಳೆಯದು. ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಅವಧಿ ಇದ್ದರೂ ಅಲ್ಲಿಯವರೆಗೆ ಎಳೆಯಬಾರದು. ಅದನ್ನೂ ಮೀರಿ ಪಾಲಿಸಿ ಮುರಿದುಬಿದ್ದರೆ ಕಾದ ತಿಂಗಳುಗಳೆಲ್ಲ ವ್ಯರ್ಥವಾಗುತ್ತವೆ. ಕಂಪನಿ ಬದಲಿಸಬೇಕೆಂದರೆ ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳದೆ, ವರ್ಗಾವಣೆಯ ಸೌಲಭ್ಯವನ್ನು ನವೀಕರಣಕ್ಕೆ ಒಂದೂವರೆ ಎರಡು ತಿಂಗಳು ಮೊದಲೇ ಕೋರಬೇಕು. ಆಗ ಕಾದ ಅವಧಿ ಲೆಕ್ಕಕ್ಕೆ ಬರುತ್ತದೆ.

ಈ ತಿಂಗಳು ಭಕ್ತಬಂಧುಗಳಲ್ಲಿ ಒಂದು ವಿನಂತಿ. ಮನೆಯ ಹಿರಿಯರ ಪಾಲಿಸಿಯನ್ನು ಕಪಾಟಿನಿಂದ ಹೊರತೆಗೆದು, ಅರ್ಜಿಯ ಪ್ರತಿಯಲ್ಲಿ ಅವರ ಕಾಯಿಲೆಗಳು ಬರೆದಿವೆಯೇ ಎಂದು ನೋಡಿರಿ. ಹೊಸದಾಗಿ ಮಾಡಿಸುವವರು ಮೊದಲು ಅವರ ಕಾಯಿಲೆಗಳು, ಆರಂಭವಾದ ವರ್ಷ, ಸೇವಿಸುತ್ತಿರುವ ಔಷಧಿಗಳು, ಆಗಿರುವ ಶಸ್ತ್ರಚಿಕಿತ್ಸೆಗಳು ಇವನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಬೇಕಾದರೆ ನಿಮ್ಮ ವೈದ್ಯರಿಂದ ತಿದ್ದಿಸಿಕೊಳ್ಳಿರಿ. ಆ ಹಾಳೆಯ ಒಂದು ಪ್ರತಿ ವಿಮೆಯ ಅರ್ಜಿಯೊಡನೆ ಹೋಗಲಿ, ಇನ್ನೊಂದು ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿರಲಿ. ಎರಡೂ ಕಡೆ ಒಂದೇ ಮಾತು ಇದ್ದರೆ ವೈದ್ಯರ ಚಿಕಿತ್ಸೆಗೂ ಅದು ನೆರವು, ವಿಮೆಯ ಪರಿಹಾರಕ್ಕೂ ಅದು ಬಲ.